ಬಾಂದು ಕಲ್ಲು ಕೊಚ್ಚಿಹೋದ ಊರಿನಲ್ಲಿ

"ನಿಮ್ಮ ಜಾಗ ಎಲ್ಲಿ ಬರುತ್ತೆ ಅಜ್ಜಿ?" ಅಂತ ಕೇಳಿದೆ. ಆಕೆ ಸಮುದ್ರದ ಕಡೆ ಕೈ ತೋರಿಸಿದರು. ಅಲ್ಲಿ ಅಲೆಗಳ ನಡುವೆ ಮೂರು ತೆಂಗಿನ ಬೊಡ್ಡೆಗಳು ನಿಂತಿದ್ದವು. "ಆ ಮೂರನೆಯದು ನಮ್ಮದು. ಉಳಿದೆರಡು ಪಕ್ಕದ ಮನೆಯವರದು" ಅಂದರು. ನನ್ನ ಕೈಯಲ್ಲಿ ಟೇಪು ಇತ್ತು. ಎಲ್ಲಿಂದ ಹಿಡಿಯಬೇಕು ಅಂತ ತಿಳಿಯಲಿಲ್ಲ.

ಅದು ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ತುದಿಯಲ್ಲಿರುವ ಅಚೇ ಪ್ರಾಂತ್ಯ. 2004ರ ಡಿಸೆಂಬರ್ 26ರ ಸುನಾಮಿ ಬಂದುಹೋಗಿ ವರ್ಷ ಕಳೆದಿತ್ತು. ಇಂಡೊನೇಷ್ಯಾ ಒಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು. ಕರಾವಳಿಯ ಕೆಲವು ಕಡೆ ಭೂಕಂಪಕ್ಕೆ ನೆಲವೇ ಕುಸಿದು, ಒಳಗೆ ಬಂದ ನೀರು ಮತ್ತೆ ಹಿಂದೆ ಹೋಗಲೇ ಇಲ್ಲ. ನಾನು ಜಮೀನು ಅಳೆಯುವವನು. ಕರ್ನಾಟಕದಲ್ಲಿ ಅಳತೆಯ ಚೈನು ಎಳೆದು, ಜಮೀನಿನ ಗಡಿ ತೋರಿಸುವ ಬಾಂದು ಕಲ್ಲು ಹುಡುಕಿ ಕಲಿತ ಕೆಲಸ ನನ್ನದು. ಕಲ್ಲೇ ಇಲ್ಲದ ಊರಿನಲ್ಲಿ ಅಳತೆ ಮಾಡುವುದನ್ನು ಮಾತ್ರ ಅಲ್ಲಿಯ ಹಳ್ಳಿಯವರಿಂದ ಕಲಿತೆ.

ಊರಿನ ಗೆಳೆಯರು ಈಗಲೂ ಕೇಳುತ್ತಾರೆ, ಪತ್ರ ಇದ್ದರೆ ಸಾಕಲ್ವಾ ಅಂತ. ಪತ್ರದ ವಿಷಯ ಮೊದಲು ಹೇಳಿಬಿಡುತ್ತೇನೆ. ಇಂಡೊನೇಷ್ಯಾದಲ್ಲಿ ಭೂಮಿಗೆ ಸಂಬಂಧಿಸಿದ ಮೂಲ ಕಾಯ್ದೆ 1960ರದು. ಪೂರ್ತಿ ಒಡೆತನಕ್ಕೆ ಅಲ್ಲಿ 'ಹಾಕ್ ಮಿಲಿಕ್' ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಖುಷಿಯಾಯಿತು. ನಮ್ಮ 'ಹಕ್ಕು', 'ಮಾಲೀಕ' ಎರಡೂ ಅವೇ ಅರಬ್ಬಿ ಬೇರುಗಳಿಂದ ಬಂದ ಮಾತುಗಳು. ಈ ಹಕ್ಕು ವಿದೇಶಿಯರಿಗೆ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕಿರುವ ನಮ್ಮವರು ಕೆಲವರು ಸ್ಥಳೀಯ ಗೆಳೆಯರ ಹೆಸರಲ್ಲಿ ಜಾಗ ಕೊಳ್ಳಬಹುದಾ ಅಂತ ನನ್ನನ್ನು ಕೇಳಿದ್ದಾರೆ. ದಯವಿಟ್ಟು ಬೇಡ. ಕಾಯ್ದೆಯ ಪ್ರಕಾರ ಅಂಥ ವ್ಯವಹಾರ ಅಸಿಂಧು. ಜಮೀನು ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ದುಡ್ಡನ್ನೂ ವಾಪಸ್ ಕೇಳುವ ಹಾಗಿಲ್ಲ.

ಆದರೆ ಒಳಗಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಒಡೆತನದ ಪ್ರಮಾಣಪತ್ರವೇ ಇರಲಿಲ್ಲ. ಇದ್ದದ್ದು ತೆರಿಗೆ ಚೀಟಿ, ಇಲ್ಲವೇ ಊರಿನ ಮುಖ್ಯಸ್ಥ ಬರೆದುಕೊಟ್ಟ ಒಂದು ಕಾಗದ. ಜಾವಾದಲ್ಲಿ 'ಗಿರಿಕ್' ಅನ್ನುವ ಹಳೇ ತೆರಿಗೆ ಪತ್ರವನ್ನು ತಲೆಮಾರುಗಳಿಂದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದವರಿದ್ದಾರೆ. ನಮ್ಮಲ್ಲೂ ಕಂದಾಯದ ರಸೀದಿಯನ್ನೇ ಹಕ್ಕುಪತ್ರ ಅಂತ ನಂಬಿ ಕೂತವರು ಇದ್ದಾರಲ್ಲ, ಹಾಗೆ. ಇಂಥ ಹಳೇ ಕಾಗದಗಳ ಆಧಾರದ ಮೇಲೆ ಐದು ವರ್ಷದೊಳಗೆ ಜಮೀನು ನೋಂದಾಯಿಸಿಕೊಳ್ಳಬೇಕು ಅಂತ 2021ರಲ್ಲಿ ನಿಯಮ ಬಂತು. ಊರಿಗೆ ಊರನ್ನೇ ಅಳೆದು ಪ್ರಮಾಣಪತ್ರ ಕೊಡುವ ದೊಡ್ಡ ಕೆಲಸವೂ ನಡೆಯುತ್ತಿದೆ. ಒಳ್ಳೆಯದೇ. ಆದರೆ ಪತ್ರಕ್ಕೂ ನೀರು ತಾಗುತ್ತದೆ. ಸುನಾಮಿಯಲ್ಲಿ ಬಂದಾ ಅಚೇ ನಗರದ ಭೂದಾಖಲೆಗಳ ಪುಸ್ತಕಗಳು ಉಪ್ಪುನೀರು, ಕೆಸರಿನಲ್ಲಿ ನೆನೆದುಹೋದವು. ಕೊಳೆಯದಿರಲಿ ಅಂತ ಅವನ್ನು ಹೆಪ್ಪುಗಟ್ಟಿಸಿ ಜಕಾರ್ತಕ್ಕೆ ಸಾಗಿಸಿ, ಅಲ್ಲಿ ಒಣಗಿಸಿ ಉಳಿಸಿಕೊಳ್ಳಬೇಕಾಯಿತು.

ಹಾಗಾದರೆ ಯಾರ ಜಾಗ ಯಾವುದು ಅಂತ ತೀರ್ಮಾನ ಆದದ್ದು ಹೇಗೆ? ನೆರೆಯವರು ನಡೆದು ತೋರಿಸಿದರು.

ಅಚೇಯಲ್ಲಿ ಹಳ್ಳಿಗೆ 'ಗಾಂಪೊಂಗ್' ಅನ್ನುತ್ತಾರೆ, ಮುಖ್ಯಸ್ಥನಿಗೆ 'ಕೆಚಿಕ್'. ಬೆಳಿಗ್ಗೆ ಕೆಚಿಕ್, ಹಿರಿಯರು, ಉಳಿದ ಮನೆಯವರೆಲ್ಲ ಸೇರುತ್ತಿದ್ದರು. ಒಬ್ಬರು ತಮ್ಮ ಜಾಗದ ಸುತ್ತ ನಡೆಯುವುದು, ನಾಲ್ಕೂ ಕಡೆಯ ನೆರೆಯವರು ಜೊತೆಗೆ ನಡೆದು ಹೌದು ಅನ್ನುವುದು. ನಮ್ಮ ಪತ್ರಗಳಲ್ಲಿ ನಾಲ್ಕು ದಿಕ್ಕಿನ ಗಡಿ ಬರೆಯುವ ಚಕ್ಕುಬಂದಿಯೇ ಅದು, ಕಾಗದದಲ್ಲಿರುವ ಬದಲು ಕಾಲಲ್ಲಿತ್ತು. ಬಾವಿಯ ಉಂಗುರ, ಸಿಮೆಂಟ್ ನೆಲದ ಒಂದು ಮೂಲೆ, ಗೋರಿ, ಮರದ ಬೊಡ್ಡೆ. ಉಳಿದಿದ್ದ ಗುರುತು ಅಷ್ಟೇ. ಎಲ್ಲರೂ ಒಪ್ಪಿದ ಮೇಲೆ ಗೂಟ ಹೊಡೆದು, ಸಹಿ ಹಾಕಿಸಿ, ಆಮೇಲೆ ಅಳತೆ. ನಕ್ಷೆಯನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಿ, ತಕರಾರಿದ್ದರೆ ಹೇಳಿ ಅನ್ನುತ್ತಿದ್ದೆವು.

ಒಂದು ಸಲ ನಾನು ತಪ್ಪು ಮಾಡುವುದರಲ್ಲಿದ್ದೆ. ಒಂದು ಮನೆಯ ಸಿಮೆಂಟ್ ನೆಲ ಪೂರ್ತಿ ಉಳಿದಿತ್ತು. ಅದರ ಅಂಚನ್ನೇ ಗಡಿ ಅಂತ ಗೂಟ ಹೊಡೆಸಿದೆ. ಪಕ್ಕದ ಮುದುಕರು ಬಂದು ನಿಧಾನಕ್ಕೆ ಹೇಳಿದರು: "ಪಾಕ್ (ನಮ್ಮ 'ಸಾರ್' ಇದ್ದ ಹಾಗೆ), ಅಡುಗೆಮನೆ ಕಟ್ಟುವಾಗ ಪಕ್ಕದವನಿಗೆ ಜಾಗ ಸಾಲಲಿಲ್ಲ. ನಮ್ಮ ಕಡೆಯಿಂದ ಎರಡು ಹೆಜ್ಜೆ ಬಳಸಿಕೋ ಅಂತ ನಾನೇ ಹೇಳಿದ್ದೆ. ಅವನು ಈಗಿಲ್ಲ. ಆದರೆ ಅವನ ಮಗಳಿಗೆ ಗೊತ್ತಿದೆ." ಆ ಹುಡುಗಿಗೆ ಹದಿನಾರೋ ಹದಿನೇಳೋ ವರ್ಷ, ಮನೆಯಲ್ಲಿ ಅವಳೊಬ್ಬಳೇ ಉಳಿದವಳು. ಹೌದು ಅಂತ ತಲೆಯಾಡಿಸಿದಳು. ಮುದುಕರು ತಕ್ಷಣ, "ಗೂಟ ಅಲ್ಲೇ ಇರಲಿ. ಆ ಎರಡು ಹೆಜ್ಜೆ ಅವಳಿಗೇ" ಅಂದರು. ನಾನು ಗೂಟ ಕೀಳಲಿಲ್ಲ. ಆದರೆ ಅವರ ಮಾತನ್ನು ಪೂರ್ತಿಯಾಗಿ ಬರೆಸಿ, ಸಾಕ್ಷಿ ಹಾಕಿಸಿದೆ. ಬರೆಯದಿದ್ದರೆ ಅವರ ಮೊಮ್ಮಕ್ಕಳ ಕಾಲಕ್ಕೆ ಅದೇ ಜಗಳದ ಮೂಲ ಆಗುತ್ತದೆ. ಅಂಥ ಜಗಳಗಳ ಮಧ್ಯೆ ನಿಂತು ಅಳೆದವನು ನಾನು, ನನಗೆ ಗೊತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನಗೆ ಈಗಲೂ ಬೇಜಾರಾಗುತ್ತದೆ. ಅಚೇಯ ಎಷ್ಟೋ ಕಡೆ ಮಗಳಿಗೆ ಮದುವೆಯಾದಾಗ ತವರಿನವರು ಮನೆ ಕೊಡುವುದು ರೂಢಿ. ಹೆಂಡತಿಗೆ ಅವರ ಭಾಷೆಯಲ್ಲಿ 'ಪೊ ರುಮೋ' ಅನ್ನುತ್ತಾರೆ. ಅಂದರೆ ಮನೆಯ ಒಡತಿ. ಆದರೆ ಅರ್ಜಿ ನಮೂನೆ ಕೈಗೆ ಕೊಟ್ಟರೆ ಮೊದಲು ಹೆಸರು ಬರೆಯುವವನು ಗಂಡ, ಅವನಿಲ್ಲದಿದ್ದರೆ ಅವನ ಅಣ್ಣ ತಮ್ಮ. ಸುಮ್ನೆ ಬರೆದದ್ದನ್ನು ಒಪ್ಪಿಕೊಂಡಿದ್ದರೆ, ರೂಢಿಯಲ್ಲಿ ಒಡತಿಯಾದವಳು ಕಾಗದದಲ್ಲಿ ಯಾರೂ ಅಲ್ಲ. "ಈ ಮನೆ ಯಾರ ಅಪ್ಪ ಅಮ್ಮ ಕೊಟ್ಟದ್ದು?" ಅನ್ನುವ ಒಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತಿದ್ದೆ. ಆ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲ. ಎಷ್ಟೋ ಸಲ ಹೆಸರು ಬದಲಾಯಿತು.

ಜೀವದ ಭದ್ರತೆಯೂ ಹೀಗೇ ಊರಿನ ನೆನಪಿನ ಮೇಲೆ ನಿಂತದ್ದು. ಅಚೇಗೇ ಸೇರಿದ ಸಿಮೆಯುಲುಎ ದ್ವೀಪ ಆ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ. ಅಲ್ಲಿಗೆ ಅಲೆ ಹತ್ತು ನಿಮಿಷದ ಆಸುಪಾಸಿನಲ್ಲಿ ಬಂತು. ಸೈರನ್ ಇರಲಿಲ್ಲ, ಫೋನ್ ಸಂದೇಶ ಇರಲಿಲ್ಲ. ಆದರೂ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. 1907ರಲ್ಲಿ ಅಲ್ಲಿ ಒಂದು ಸುನಾಮಿ ಬಂದು ಅನಾಹುತವಾಗಿತ್ತು. ಅದಕ್ಕೆ ಅವರ ಭಾಷೆಯಲ್ಲಿ 'ಸ್ಮೊಂಗ್' ಅಂತ ಹೆಸರು. ನೆಲ ಜೋರಾಗಿ ಅಲುಗಿ ಸಮುದ್ರ ಹಿಂದೆ ಸರಿದರೆ ಏನೂ ತೆಗೆದುಕೊಳ್ಳದೆ ಗುಡ್ಡಕ್ಕೆ ಓಡು ಅಂತ ಅಜ್ಜ ಅಜ್ಜಿಯರು ತೊಟ್ಟಿಲಿನ ಮಕ್ಕಳಿಗೂ ಹೇಳಿಕೊಂಡು ಬಂದಿದ್ದರು. ಆ ದಿನ ಯಾರೋ 'ಸ್ಮೊಂಗ್' ಅಂತ ಕೂಗಿದ್ದೇ ಸಾಕಾಯಿತು.

ಅದೇ ದ್ವೀಪದಲ್ಲಿ ಇನ್ನೊಂದು ಸಂಗತಿ, ಅಳೆಯುವವನಾಗಿ ನನ್ನನ್ನು ಬಿಡದೇ ಕಾಡುವಂಥದ್ದು. 2004ರ ಮತ್ತು 2005ರ ಮಾರ್ಚ್ 28ರ ಭೂಕಂಪಗಳಲ್ಲಿ ಸಿಮೆಯುಲುಎಯ ಒಂದೊಂದು ತುದಿ ಒಂದೂವರೆ ಮೀಟರ್‌ನಷ್ಟು ಮೇಲೆ ಎದ್ದಿತು. ನೀರಿನೊಳಗಿದ್ದ ಹವಳದ ದಿಬ್ಬ ಹೊರಗೆ ಬಂದು ಒಣಗಿತು. ಒಂದು ಕಡೆ ಅಜ್ಜಿಯ ತೆಂಗು ಸಮುದ್ರದಲ್ಲಿ, ಇನ್ನೊಂದು ಕಡೆ ಸಮುದ್ರ ಇದ್ದಲ್ಲಿ ಹೊಸ ನೆಲ.

ಸುನಾಮಿಯ ನಂತರ ಕಡಲಿನಿಂದ ಎರಡು ಕಿಲೋಮೀಟರ್ ತನಕ ಯಾರೂ ಮನೆ ಕಟ್ಟಬಾರದು ಅನ್ನುವ ಯೋಜನೆ ಸರ್ಕಾರದ ಮುಂದಿತ್ತು. ಜನ ಒಪ್ಪಲಿಲ್ಲ, ಅದು ಬಿದ್ದುಹೋಯಿತು. ಹೊರಗಿನವರು ಇದನ್ನು ಮೊಂಡುತನ ಅಂದರು. ನಾನು ಹಾಗೆ ಅನ್ನಲಾರೆ. ಮೀನು ಹಿಡಿಯುವವನು ದೋಣಿಯಿಂದ ದೂರ ಹೋಗಿ ಬದುಕುವುದು ಹೇಗೆ? ಜಾಗ ಬಿಟ್ಟು ಹೋದರೆ ಅದು ಕೈತಪ್ಪುತ್ತದೆ ಅನ್ನುವ ಭಯ ಬೇರೆ. ಹಕ್ಕು ಗಟ್ಟಿಯಾಗಿದ್ದರೆ ಜನ ಧೈರ್ಯವಾಗಿ ಜಾಗ ಬಿಟ್ಟು ಓಡುತ್ತಾರೆ, ಧೈರ್ಯವಾಗಿ ವಾಪಸ್ ಬರುತ್ತಾರೆ. ಹಾಗಾಗಿ ಅಳತೆ ಮಾಡುವಾಗಲೇ ಓಡುವ ದಾರಿಯನ್ನೂ ನಕ್ಷೆಯಲ್ಲಿ ತೋರಿಸಬೇಕು ಅಂತ ನಾನು ಹಟ ಹಿಡಿದೆ. ಇದು ನಮ್ಮ ಕೆಲಸವಲ್ಲ ಅಂತ ಜೊತೆಯವರು ಹೇಳಿದರು. ಆದರೆ ಎಲ್ಲ ಜಾಗಕ್ಕೂ ಬೇಲಿ ಬಿದ್ದ ಮೇಲೆ ದಾರಿ ಹುಡುಕಿದರೆ ಎಲ್ಲಿ ಸಿಗುತ್ತದೆ?

ಆ ಊರಿನಲ್ಲಿ ಗುಡ್ಡಕ್ಕೆ ಹತ್ತಿರದ ದಾರಿ ಒಂದು ಅಡಿಕೆ ತೋಟದ ನಡುವೆ ಹೋಗಬೇಕಿತ್ತು. ಮೂರು ಸಂಜೆ ಮಾತುಕತೆ ನಡೆಯಿತು. ತೋಟದವರು ಒಪ್ಪಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅವರೇ ಬಂದು ಎರಡು ಮೀಟರ್ ಅಗಲದ ಜಾಗವನ್ನು ಊರಿಗೆ ವಕ್ಫ್ ಮಾಡಿ ಬರೆದುಕೊಡುತ್ತೇನೆ ಅಂದರು. ಆ ಪಟ್ಟಿಯಲ್ಲಿ ಹನ್ನೊಂದು ಅಡಿಕೆ ಮರ ಇದ್ದವು. ಫಸಲು ಕೊಯ್ದ ಮೇಲೆ ಕಡಿಯೋಣ ಅಂತ ಕೆಚಿಕ್ ಹೇಳಿದರು. ತೋಟದವರು ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರಗಳು ನೆಲದ ಮೇಲಿದ್ದವು. ತೆಂಗು ತೋರಿಸಿದ ಆ ಅಜ್ಜಿ ನಿಧಾನವಾಗಿ ಆ ದಾರಿಯಲ್ಲಿ ನಡೆಯುತ್ತಾ ಗುಡ್ಡದ ಬುಡದ ತನಕ ಹೆಜ್ಜೆ ಎಣಿಸುತ್ತಿದ್ದರು.