ಪ್ರಿಪೇರ್ಡ್ ಪಿಯಾನೋ: ಜಾನ್ ಕೇಜ್ ತಂತಿಗಳ ನಡುವೆ ಬೋಲ್ಟ್ ಸಿಕ್ಕಿಸಿದ್ದು ಯಾಕೆ?

ಗ್ರ್ಯಾಂಡ್ ಪಿಯಾನೋದ ಮುಚ್ಚಳ ಎತ್ತಿ, ಒಳಗಿನ ತಂತಿಗಳ ನಡುವೆ ಸ್ಕ್ರೂ, ಬೋಲ್ಟ್, ನಟ್, ರಬ್ಬರ್ ಚೂರು, ಪ್ಲಾಸ್ಟಿಕ್ ತುಂಡುಗಳನ್ನು ಅಳತೆ ನೋಡಿ ಸಿಕ್ಕಿಸುತ್ತಾರೆ. ಆಮೇಲೆ ಎಂದಿನ ಹಾಗೆ ಕೀಗಳನ್ನು ಒತ್ತಿ ನುಡಿಸುತ್ತಾರೆ. ಹೀಗೆ ಸಜ್ಜು ಮಾಡಿದ ಪಿಯಾನೋವನ್ನು ಪ್ರಿಪೇರ್ಡ್ ಪಿಯಾನೋ ಅನ್ನುತ್ತಾರೆ. ಅಮೆರಿಕದ ಸಂಗೀತಗಾರ ಜಾನ್ ಕೇಜ್ 1940ರಲ್ಲಿ ಇದನ್ನು ರೂಪಿಸಿದರು. ಮುಂದಿನ ಹತ್ತು-ಹನ್ನೆರಡು ವರ್ಷ ಅವರು ಬರೆದ ಒಳ್ಳೆಯ ಕೃತಿಗಳಲ್ಲಿ ಹೆಚ್ಚಿನವು ಈ ವಾದ್ಯಕ್ಕಾಗಿಯೇ ಹುಟ್ಟಿದವು.

ಮೊದಲ ಸಲ ಕೇಳಿದಾಗ ಇದು ಪಿಯಾನೋ ಅನ್ನಿಸುವುದೇ ಇಲ್ಲ. ಒಂದು ಕೀ ಒತ್ತಿದರೆ ಗಂಟೆಯಂಥ ನಾದ ಬರುತ್ತದೆ. ಪಕ್ಕದ್ದನ್ನು ಒತ್ತಿದರೆ ಮರಕ್ಕೆ ಬಡಿದ ಹಾಗೆ ಟಕ್ ಅನ್ನುತ್ತದೆ. ಇನ್ನೊಂದು ಸಣ್ಣ ಚರ್ಮವಾದ್ಯದ ಹಾಗೆ ಗುಮ್ಮೆನ್ನುತ್ತದೆ. ಇವುಗಳ ನಡುವೆ ಏನೂ ಸಿಕ್ಕಿಸದ ಒಂದು ಕೀ ಬಂದರೆ, ಆ ಮಾಮೂಲಿ ಪಿಯಾನೋ ಸ್ವರವೇ ಹೊಸದಾಗಿ ಕೇಳಿಸುತ್ತದೆ.

ಇದು ಬರೀ ಗಿಮಿಕ್ಕು ಎಂದು ತಳ್ಳಿಹಾಕುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಕೇಜ್ ಹೆಸರು ಬಂದ ಕೂಡಲೇ ಎಲ್ಲರೂ 4 ನಿಮಿಷ 33 ಸೆಕೆಂಡಿನ ಮೌನದ ಕೃತಿಯನ್ನೇ ಎತ್ತುತ್ತಾರೆ. ಆದರೆ ಆ ಮೌನದವರೆಗೆ ಅವರನ್ನು ಕರೆದುಕೊಂಡು ಹೋಗಿದ್ದರಲ್ಲಿ ಈ ಬೋಲ್ಟು-ನಟ್ಟುಗಳ ಪಾಲು ದೊಡ್ಡದು. ಬೇಕಾದ ಸದ್ದನ್ನು ಬೇಕಾದ ಹಾಗೆ ಹಿಡಿದಿಡಬೇಕು ಎಂದು ಅವರು ಈ ವಾದ್ಯ ಮಾಡಿಕೊಂಡರು. ಸದ್ದು ಹಾಗೆ ಹಿಡಿತಕ್ಕೆ ಸಿಗುವಂಥದ್ದಲ್ಲ ಎಂದು ಅದೇ ವಾದ್ಯ ಅವರಿಗೆ ಕಲಿಸಿತು.

ಒಳಗೆ ಏನಾಗುತ್ತದೆ ಎಂದು ನೋಡೋಣ. ಪಿಯಾನೋದಲ್ಲಿ 88 ಕೀಗಳಿದ್ದರೂ ತಂತಿಗಳು ಇನ್ನೂರಕ್ಕಿಂತ ಜಾಸ್ತಿ. ತೀರಾ ಕೆಳಗಿನ ಮಂದ್ರ ಸ್ವರಗಳಿಗೆ ಒಂದೊಂದೇ ದಪ್ಪ ತಂತಿ. ಸ್ವಲ್ಪ ಮೇಲೆ ಬಂದರೆ ಎರಡೆರಡು. ನಡುವಿನಿಂದ ಮೇಲಕ್ಕೆ ಒಂದು ಸ್ವರಕ್ಕೆ ಮೂರು ತಂತಿ. ಕೀ ಒತ್ತಿದಾಗ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆ ಬಂದು ಮೂರಕ್ಕೂ ಒಟ್ಟಿಗೆ ಬಡಿಯುತ್ತದೆ. ಮೂರೂ ಒಂದೇ ಶ್ರುತಿಯಲ್ಲಿರುವುದರಿಂದ ನಮಗೆ ಒಂದೇ ಸ್ವರ ಕೇಳಿಸುತ್ತದೆ.

ಈ ತಂತಿಗಳ ನಡುವೆ ಒಂದು ಬೋಲ್ಟ್ ಸಿಕ್ಕಿಸಿದರೆ ತಂತಿಗೆ ಭಾರ ಬೀಳುತ್ತದೆ. ಅದು ಮೊದಲಿನ ಹಾಗೆ ಕಂಪಿಸುವುದಿಲ್ಲ. ಮೂಲ ಸ್ವರದ ಜೊತೆ ಹೊಂದಿಕೊಂಡಿದ್ದ ಉಪಸ್ವರಗಳು, ಅಂದರೆ ಅದರೊಳಗೇ ಸಣ್ಣಗೆ ಕೇಳಿಸುವ ಮೇಲಿನ ಸ್ವರಗಳು, ಅತ್ತಿತ್ತ ಸರಿಯುತ್ತವೆ. ಗಂಟೆ, ಜಾಗಟೆಗಳಲ್ಲೂ ಉಪಸ್ವರಗಳು ಹೀಗೇ ಒಂದಕ್ಕೊಂದು ಹೊಂದದೆ ಇರುತ್ತವೆ. ಅದಕ್ಕೇ ಕಿವಿಗೆ ಲೋಹದ ನಾದ ಕೇಳಿಸುವುದು. ರಬ್ಬರನ್ನು ಮೂರು ತಂತಿಗಳ ಮೇಲೆ-ಕೆಳಗೆ ಹೆಣೆದು ಸಿಕ್ಕಿಸಿದರೆ ಕಂಪನ ಬೇಗ ಸತ್ತುಹೋಗುತ್ತದೆ. ಆಗ ಉಳಿಯುವುದು ಗುದ್ದಿನ ಸದ್ದು. ಬೋಲ್ಟಿಗೆ ಒಂದು ನಟ್ಟನ್ನು ಸಡಿಲವಾಗಿ ಹಾಕಿದರೆ ಅದು ಅಲುಗಾಡಿ ಝರ್ ಎಂದು ಮಿಡಿಯುತ್ತದೆ. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲಿನೆಳೆ ಸಿಕ್ಕಿಸುತ್ತಾರಲ್ಲ, ಆ ಜೀವಾಳಿಯನ್ನು ಕೂದಲೆಳೆಯಷ್ಟು ಸರಿಸಿದರೂ ತಂಬೂರಿಯ ನಾದವೇ ಬೇರೆಯಾಗುತ್ತದೆ. ಇಲ್ಲೂ ಹಾಗೇ. ಬೋಲ್ಟ್ ಅರ್ಧ ಇಂಚು ಆಚೀಚೆ ಆದರೆ ಸದ್ದು ಇನ್ನೊಂದೇ ಆಗಿಬಿಡುತ್ತದೆ.

ಕೇಜ್ ಹುಟ್ಟಿದ್ದು 1912ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅವರ ತಂದೆ ಹೊಸ ಹೊಸ ಯಂತ್ರಗಳನ್ನು ಕಂಡುಹಿಡಿಯುವ ಹಂಬಲದವರು. ಮಗ ಕಾಲೇಜನ್ನು ಅರ್ಧಕ್ಕೇ ಬಿಟ್ಟು ಯುರೋಪ್ ಸುತ್ತಿ ಬಂದರು. ಆಮೇಲೆ ನ್ಯೂಯಾರ್ಕಿನಲ್ಲಿ ಹೆನ್ರಿ ಕೋವೆಲ್ ಬಳಿಯೂ ಲಾಸ್ ಏಂಜಲೀಸ್‌ನಲ್ಲಿ ಆರ್ನಾಲ್ಡ್ ಶೋನ್‌ಬರ್ಗ್ ಬಳಿಯೂ ಸಂಗೀತ ರಚನೆ ಕಲಿತರು. ನಿನಗೆ ಹಾರ್ಮನಿಯ (ಹಲವು ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಕ್ರಮದ) ಅರಿವೇ ಇಲ್ಲ, ಮುಂದೆ ದಾಟಲಾಗದ ಗೋಡೆ ಎದುರಾಗುತ್ತೆ ಎಂದು ಶೋನ್‌ಬರ್ಗ್ ಎಚ್ಚರಿಸಿದರಂತೆ. ಹಾಗಾದರೆ ಆ ಗೋಡೆಗೇ ತಲೆ ಚಚ್ಚಿಕೊಳ್ಳುತ್ತಾ ಬದುಕು ಕಳೆಯುತ್ತೇನೆ ಎಂದು ಕೇಜ್ ಉತ್ತರ ಕೊಟ್ಟಿದ್ದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹಾರ್ಮನಿ ಒಲಿಯದವರು ತಾಳವಾದ್ಯಗಳ ಕಡೆ ತಿರುಗಿದರು. ಹಳೇ ಕಾರುಗಳ ಬ್ರೇಕ್ ಡ್ರಮ್ಮನ್ನೂ ಬಿಡದೆ ಬಾರಿಸಿದರು. ಕೋವೆಲ್ ಆಗಲೇ ಪಿಯಾನೋದ ಒಳಗೆ ಕೈ ಹಾಕಿ ತಂತಿಗಳನ್ನು ಮೀಟುವ, ಉಜ್ಜುವ ಕೃತಿಗಳನ್ನು ಬರೆದಿದ್ದರು. ಆ ಪಾಠ ಶಿಷ್ಯನ ತಲೆಯಲ್ಲಿ ಕೂತಿತ್ತು.

1938ರಲ್ಲಿ ಕೇಜ್ ಸಿಯಾಟಲ್‌ನ ಕಾರ್ನಿಷ್ ಶಾಲೆಗೆ ಬಂದರು. ನೃತ್ಯದ ತರಗತಿಗಳಿಗೆ ಪಿಯಾನೋ ನುಡಿಸುವುದು ಅವರ ಕೆಲಸ. ಅಲ್ಲಿನ ಸಿವಿಲ್ಲಾ ಫೋರ್ಟ್ ಎಂಬ ಕಪ್ಪು ನರ್ತಕಿ 1940ರಲ್ಲಿ ‘ಬಕನಾಲ್’ ಎಂಬ ನೃತ್ಯಕ್ಕೆ ಸಂಗೀತ ಕೇಳಿದರು. ನೃತ್ಯದಲ್ಲಿ ಆಫ್ರಿಕಾದ ಛಾಯೆ ಇತ್ತು, ಅದಕ್ಕೆ ತಾಳವಾದ್ಯಗಳ ತಂಡವೇ ಸರಿ. ಆದರೆ ರಂಗ ಚಿಕ್ಕದು. ಪಕ್ಕದಲ್ಲಿ ಒಂದು ಸಣ್ಣ ಗ್ರ್ಯಾಂಡ್ ಪಿಯಾನೋ ಹಿಡಿಸುವಷ್ಟೇ ಜಾಗ. ಪ್ರದರ್ಶನಕ್ಕೆ ಕೆಲವೇ ದಿನ ಉಳಿದಿತ್ತು. ಆಫ್ರಿಕಾದ ಛಾಯೆ ಬರುವಂಥ ಸ್ವರಮಾಲೆಗಾಗಿ ಕೇಜ್ ಒದ್ದಾಡಿದರು, ಸಿಗಲಿಲ್ಲ. ಕೊನೆಗೆ ತಪ್ಪು ತನ್ನದಲ್ಲ, ಪಿಯಾನೋದ್ದು ಎಂದು ತೀರ್ಮಾನಿಸಿದರು. ಬದಲಾಗಬೇಕಾದದ್ದು ವಾದ್ಯವೇ!

ಮುಂದಿನದನ್ನು ಕೇಜ್ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರೆ. ಅಡುಗೆಮನೆಯಿಂದ ಪೈ ಬೇಯಿಸುವ ತಟ್ಟೆಯೊಂದನ್ನು ತಂದು ತಂತಿಗಳ ಮೇಲಿಟ್ಟರು. ಸದ್ದು ಬದಲಾಯಿತು, ಸರಿ. ಆದರೆ ಕಂಪನಕ್ಕೆ ತಟ್ಟೆ ಕುಣಿದು ಕುಣಿದು ಜಾಗ ಬಿಟ್ಟು ಹೋಯಿತು. ಮೊಳೆ ಸಿಕ್ಕಿಸಿ ನೋಡಿದರು. ಅದು ಜಾರಿ ಕೆಳಗೆ ಬಿತ್ತು. ಆಗ ಸ್ಕ್ರೂ, ಬೋಲ್ಟುಗಳ ನೆನಪಾಯಿತು. ಅವಕ್ಕೆ ಸುತ್ತಲೂ ತಿರುಪಿನ ಗೆರೆಗಳಿವೆಯಲ್ಲ, ತಂತಿಗಳು ಆ ಗೆರೆಗಳಲ್ಲಿ ಕಚ್ಚಿಕೊಂಡವು. ಎಷ್ಟು ಬಡಿದರೂ ಅಲುಗಲಿಲ್ಲ.

ಅಷ್ಟರಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎಡಗಡೆಯ ಸಾಫ್ಟ್ ಪೆಡಲ್ ಒತ್ತಿದರೆ ಗ್ರ್ಯಾಂಡ್ ಪಿಯಾನೋದ ಸುತ್ತಿಗೆಗಳೆಲ್ಲ ಒಟ್ಟಾಗಿ ಒಂಚೂರು ಬಲಕ್ಕೆ ಸರಿಯುತ್ತವೆ. ಆಗ ಸುತ್ತಿಗೆ ಮೂರರ ಬದಲು ಎರಡೇ ತಂತಿಗೆ ಬಡಿಯುತ್ತದೆ. ಎಡಗಡೆಯದು ತಪ್ಪಿಹೋಗುತ್ತದೆ. ಈಗ ಬೋಲ್ಟನ್ನು ಎರಡನೇ ಮತ್ತು ಮೂರನೇ ತಂತಿಯ ನಡುವೆ ಸಿಕ್ಕಿಸಿದ್ದೇವೆ ಅಂದುಕೊಳ್ಳಿ. ಪೆಡಲ್ ಒತ್ತದಿದ್ದರೆ ಮೊದಲ ತಂತಿಯ ಶುದ್ಧ ಸ್ವರವೂ ಬೋಲ್ಟಿನ ನಾದವೂ ಸೇರಿ ತುಂಬಿಕೊಂಡು ಬರುತ್ತವೆ. ಒತ್ತಿದರೆ ಬೋಲ್ಟಿನ ಸದ್ದಷ್ಟೇ, ಅದೂ ಅಡಗಿದ ದನಿಯಲ್ಲಿ. ಒಂದೇ ಕೀ, ಒಂದೇ ಬೋಲ್ಟ್, ಎರಡು ಸದ್ದು! ಇದನ್ನು ಕಂಡು ಕೇಜ್ ಹಿಗ್ಗಿದರು. ‘ಬಕನಾಲ್’ಗೆ ಅವರು ಸಜ್ಜು ಮಾಡಿದ್ದು ಹನ್ನೆರಡೇ ಸ್ವರ. ಹೆಚ್ಚಿನವಕ್ಕೆ ಬಳಸಿದ್ದು ಕಿಟಕಿ-ಬಾಗಿಲ ಸಂದಿಯಲ್ಲಿ ಗಾಳಿ ಬರದಂತೆ ಅಂಟಿಸುವ ಪಟ್ಟಿ. ಅಷ್ಟರಲ್ಲೇ ಒಬ್ಬರೇ ಕೂತು ಇಡೀ ತಾಳವಾದ್ಯ ತಂಡದಂತೆ ನುಡಿಸಬಹುದಾಯಿತು.

ನ್ಯೂಯಾರ್ಕಿಗೆ ಹೋದ ಮೇಲೆ ಇದು ಇನ್ನಷ್ಟು ಕೈಹಿಡಿಯಿತು. ತಂಡ ಕಟ್ಟಲು ದುಡ್ಡಿರಲಿಲ್ಲ. ಜೊತೆಗಾರ ಮರ್ಸ್ ಕನ್ನಿಂಗ್‌ಹ್ಯಾಮ್ ಅವರ ನೃತ್ಯಗಳಿಗೆ ಸಂಗೀತ ಬೇಕಿತ್ತು. 1943ರಲ್ಲಿ ‘ಅಮೋರೆಸ್’ ಬಂತು. ಆಮೇಲೆ ‘ದ ಪೆರಿಲಸ್ ನೈಟ್’. ಮದುವೆ ಮುರಿಯುತ್ತಿದ್ದ ಕಾಲದಲ್ಲಿ, ಒಳಗಿನ ಸಂಕಟವನ್ನೆಲ್ಲ ಹಾಕಿ ಬರೆದ ಕೃತಿ ಅದು. ಕೇಳಿದ ವಿಮರ್ಶಕರೊಬ್ಬರು ಚರ್ಚಿನ ಗಂಟೆಗೋಪುರದಲ್ಲಿ ಮರಕುಟಿಗ ಕುಕ್ಕಿದ ಹಾಗಿತ್ತು ಎಂದು ಬರೆದರು. ಕೇಜ್‌ಗೆ ಇದು ಆಳವಾಗಿ ನಾಟಿತು. ನನ್ನ ದುಃಖ ಇನ್ನೊಬ್ಬರಿಗೆ ಮುಟ್ಟುವುದೇ ಇಲ್ಲ ಅಂದರೆ ಸಂಗೀತ ಯಾಕೆ ಬರೆಯಬೇಕು ಎಂಬ ಪ್ರಶ್ನೆ ಕಾಡತೊಡಗಿತು.

ಉತ್ತರ ಬಂದಿದ್ದು ಅಹಮದಾಬಾದಿನಿಂದ. ಗೀತಾ ಸಾರಾಭಾಯಿ ಎಂಬ ತರುಣಿ 1946ರಲ್ಲಿ ನ್ಯೂಯಾರ್ಕಿಗೆ ಬಂದಿದ್ದರು. ವಿಜ್ಞಾನಿ ವಿಕ್ರಮ್ ಸಾರಾಭಾಯಿಯವರ ತಂಗಿ, ಪಖಾವಜ್ ಕಲಿತವರು. ನಮ್ಮ ಸಂಗೀತದ ಮೇಲೆ ಪಶ್ಚಿಮದ ಪ್ರಭಾವ ಜಾಸ್ತಿ ಆಗುತ್ತಿದೆ ಎಂಬ ಆತಂಕ ಅವರಿಗಿತ್ತು. ಪಶ್ಚಿಮದ ಸಂಗೀತ ಏನೆಂದು ಮೊದಲು ತಿಳಿಯೋಣ ಎಂದು ಕೇಜ್ ಬಳಿ ಕಲಿಯಲು ಹೊರಟಿದ್ದರು. ಪಾಠಕ್ಕೆ ಎಷ್ಟು ಕೊಡಬೇಕು ಎಂದು ಕೇಳಿದ್ದಕ್ಕೆ, ನೀವು ನನಗೆ ಭಾರತದ ಸಂಗೀತ ಕಲಿಸಿ, ನಾನು ನಿಮಗೆ ನಮ್ಮದನ್ನು ಕಲಿಸುತ್ತೇನೆ, ಲೆಕ್ಕ ಸರಿಹೋಯಿತು ಎಂದರಂತೆ ಕೇಜ್. ಹಲವು ತಿಂಗಳು ಹೀಗೆ ಕೊಡು-ಕೊಳ್ಳು ನಡೆಯಿತು. ಸಂಗೀತ ಯಾಕೆ ಎಂದು ಕೇಜ್ ಕೇಳಿದಾಗ, ಮನಸ್ಸನ್ನು ತಿಳಿಗೊಳಿಸಿ, ಶಾಂತವಾಗಿಸಿ, ದೈವದ ಪ್ರಭಾವಕ್ಕೆ ತೆರೆದಿಡುವುದಕ್ಕೆ ಎಂದು ತಮ್ಮ ಗುರುಗಳು ಹೇಳಿದ ಮಾತನ್ನೇ ಗೀತಾ ಹೇಳಿದರು. ಹೊರಡುವಾಗ ರಾಮಕೃಷ್ಣ ಪರಮಹಂಸರ ಮಾತುಗಳ ಸಂಗ್ರಹವೊಂದನ್ನು ಕೊಟ್ಟುಹೋದರು. ಮನೋವೈದ್ಯರ ಬಳಿ ಹೋಗುವ ಬದಲು ಆ ಪುಸ್ತಕ ಓದಿಕೊಂಡೆ ಎಂದು ಕೇಜ್ ಮುಂದೆ ನೆನೆದಿದ್ದಾರೆ. 1964ರಲ್ಲಿ ಕನ್ನಿಂಗ್‌ಹ್ಯಾಮ್ ತಂಡದ ಜೊತೆ ಭಾರತಕ್ಕೆ ಬಂದಾಗ ಅಹಮದಾಬಾದಿಗೂ ಹೋದರು.

ಈ ವರ್ಷಗಳಲ್ಲೇ, 1946ರಿಂದ 1948ರವರೆಗೆ, ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ ಹುಟ್ಟಿತು. ಸೊನಾಟಾ ಎಂಬ ಹದಿನಾರು ಚಿಕ್ಕ ತುಣುಕು, ಅವುಗಳ ನಡುವೆ ಇಂಟರ್‌ಲ್ಯೂಡ್ ಎಂಬ ನಾಲ್ಕು. ನನ್ನ ಮಟ್ಟಿಗೆ ಕೇಜ್ ಬರೆದದ್ದರಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ. ಭಾರತೀಯ ಕಲೆಯ ವಿದ್ವಾಂಸ ಆನಂದ ಕುಮಾರಸ್ವಾಮಿಯವರ ಬರಹಗಳಿಂದ ಕೇಜ್ ನವರಸಗಳನ್ನು ತಿಳಿದುಕೊಂಡಿದ್ದರು. ಶೃಂಗಾರ, ವೀರ, ಹಾಸ್ಯ, ಅದ್ಭುತ ಒಂದು ಕಡೆ, ಕರುಣ, ಭಯ, ರೌದ್ರ, ಬೀಭತ್ಸ ಇನ್ನೊಂದು ಕಡೆ. ಎಲ್ಲವೂ ಶಾಂತದ ಕಡೆಗೆ ವಾಲುತ್ತವೆ. ಇದೇ ಕೃತಿಯ ಒಳಗಿನ ಎಳೆ. ಯಾವ ತುಣುಕು ಯಾವ ರಸ ಎಂದು ಮಾತ್ರ ಕೇಜ್ ಬಿಡಿಸಿ ಹೇಳಲಿಲ್ಲ, ಅದು ಒಳ್ಳೆಯದೇ ಆಯಿತು.

ಸ್ವರಲಿಪಿಗೆ ಮೊದಲು ಇಲ್ಲಿ ಒಂದು ಪಟ್ಟಿ ಬರುತ್ತದೆ. ಯಾವ ಸ್ವರಕ್ಕೆ ಯಾವ ವಸ್ತು, ಎಷ್ಟನೇ ತಂತಿಗಳ ನಡುವೆ, ಡ್ಯಾಂಪರ್‌ನಿಂದ (ತಂತಿಯ ಕಂಪನ ನಿಲ್ಲಿಸುವ ಮೆತ್ತೆಯಿಂದ) ಎಷ್ಟು ಇಂಚು ದೂರ, ಎಲ್ಲ ಬರೆದಿದೆ. ಒಟ್ಟು 45 ಸ್ವರ. ಸ್ಕ್ರೂ, ಬೋಲ್ಟ್, ನಟ್, ರಬ್ಬರ್, ಪ್ಲಾಸ್ಟಿಕ್, ಜೊತೆಗೆ ಬರೆದದ್ದನ್ನು ಅಳಿಸುವ ಒಂದು ರಬ್ಬರ್ ಕೂಡ. ಸಜ್ಜು ಮಾಡುವುದಕ್ಕೇ ಎರಡು-ಮೂರು ಗಂಟೆ ಹಿಡಿಯುತ್ತದೆ. ಹೀಗಾಗಿ ಸ್ವರಲಿಪಿಯನ್ನು ಓದಿ ಕೇಳಿಸಿಕೊಳ್ಳಲು ಆಗುವುದಿಲ್ಲ. ಕಾಗದದ ಮೇಲೆ ಇರುವುದು ಬೆರಳು ಎಲ್ಲಿಡಬೇಕು ಎಂಬುದಷ್ಟೇ. ಬರುವ ಸದ್ದು ಪಿಯಾನೋದೊಳಗೇ ಇದೆ.

ಕೃತಿಯ ಕಟ್ಟಡ ಕಾಲದ ಲೆಕ್ಕದ ಮೇಲೆ ನಿಂತಿದೆ. ಸ್ವರಗಳೇ ಕಲಸಿಹೋದ ಮೇಲೆ ಹಾರ್ಮನಿಯನ್ನು ನೆಚ್ಚಿ ಪ್ರಯೋಜನವಿಲ್ಲ, ಅಲ್ವಾ? ಅದಕ್ಕೇ ಕೇಜ್ ಚಿಕ್ಕ ಭಾಗಗಳ ಅನುಪಾತವನ್ನೇ ಇಡೀ ಕೃತಿಗೂ ಇಡುತ್ತಿದ್ದರು. 1939ರ ಒಂದು ತಾಳವಾದ್ಯ ಕೃತಿಯಲ್ಲಿ ಹದಿನಾರು ಘಟಕಗಳಿವೆ, ಪ್ರತಿ ಘಟಕದಲ್ಲೂ ಹದಿನಾರು ಬಾರ್‌ಗಳು, ಅಂದರೆ ತಾಳದ ಆವರ್ತದಂಥ ಅಳತೆಗಳು. ಘಟಕದೊಳಗಿನ ಬಾರ್‌ಗಳು 4, 3, 2, 3, 4 ಎಂದು ಗುಂಪಾಗಿವೆ, ಹದಿನಾರು ಘಟಕಗಳೂ ಹಾಗೇ 4, 3, 2, 3, 4. ಸದ್ದಿಗೂ ಮೌನಕ್ಕೂ ಇರುವ ಒಂದೇ ನಂಟು ಅವಧಿ ಎಂಬುದು ಅವರ ವಾದ. ತಾಳ ಹಾಕುತ್ತಾ ಬೆಳೆದವರಿಗೆ ಇದು ಹೊಸದೇನೂ ಅನ್ನಿಸಲಿಕ್ಕಿಲ್ಲ. ಹಾರ್ಮನಿಯೇ ಎಲ್ಲ ಎಂದು ನಂಬಿದ್ದ ಅವರ ಸುತ್ತಲಿನವರಿಗೆ ಮಾತ್ರ ಇದು ಬುಡಕ್ಕೇ ಕೈ ಹಾಕಿದ ಹಾಗಿತ್ತು.

1949ರ ಜನವರಿಯಲ್ಲಿ ಪಿಯಾನೋ ವಾದಕಿ ಮಾರೊ ಅಜೇಮಿಯನ್ ಇಡೀ ಕೃತಿಯನ್ನು ಕಾರ್ನೆಗಿ ಹಾಲ್‌ನ ಚಿಕ್ಕ ಸಭಾಂಗಣದಲ್ಲಿ ನುಡಿಸಿದರು. ಕೃತಿಯನ್ನು ಅರ್ಪಿಸಿದ್ದೂ ಅವರಿಗೇ. ಅದೇ ವರ್ಷ ಕೇಜ್‌ಗೆ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು.

ತೊಡಕು ಶುರುವಾಗಿದ್ದು ಈ ಸಂಗೀತ ಬೇರೆಯವರ ಮನೆಗೆ ಹೋದಾಗ. ಪಟ್ಟಿಯಲ್ಲಿ ಇಂಚುಗಳ ಲೆಕ್ಕ ಇತ್ತು, ನಿಜ. ಆದರೆ ಒಂದು ಪಿಯಾನೋದ ತಂತಿಯ ಉದ್ದ ಇನ್ನೊಂದರದ್ದಲ್ಲ. ಒಬ್ಬರು ಕೊಂಡ ಬೋಲ್ಟ್ ಇನ್ನೊಬ್ಬರದ್ದಲ್ಲ. ಚಾಚೂ ತಪ್ಪದೆ ಅಳೆದು ಸಿಕ್ಕಿಸಿದರೂ ಅದೇ ಸದ್ದು ಬರಲಿಲ್ಲ. ಸದ್ದನ್ನು ನನ್ನದಾಗಿಸಿಕೊಳ್ಳಬೇಕು, ಮತ್ತೆ ಮತ್ತೆ ಅದೇ ಬರಬೇಕು ಎಂಬ ಆಸೆಯಿಂದ ಶುರುಮಾಡಿದೆ, ಆದರೆ ಎರಡು ಪಿಯಾನೋಗಳೂ ಒಂದಲ್ಲ, ಇಬ್ಬರು ವಾದಕರೂ ಒಂದಲ್ಲ ಎಂದು ಗೊತ್ತಾಯಿತು ಎಂದು ಕೇಜ್ ಮುಂದೆ ಬರೆದರು. ಬೇರೆ ಯಾರಾದರೂ ಆಗಿದ್ದರೆ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರೇನೋ. ಕೇಜ್ ಹಿಡಿತವನ್ನೇ ಬಿಟ್ಟರು. 1951ರಲ್ಲಿ ಮುಗಿದ ಪ್ರಿಪೇರ್ಡ್ ಪಿಯಾನೋ ಕನ್ಚೆರ್ಟೋದಲ್ಲೇ (ವಾದ್ಯವೃಂದದ ಜೊತೆ ನುಡಿಸುವ ಕೃತಿಯಲ್ಲೇ) ಈ ತಿರುವು ಕಾಣುತ್ತದೆ. ಅದೇ ವರ್ಷ ‘ಮ್ಯೂಸಿಕ್ ಆಫ್ ಚೇಂಜಸ್’ಗಾಗಿ ನಾಣ್ಯ ಚಿಮ್ಮಿ, ಚೀನಾದ ಪುರಾತನ ಗ್ರಂಥ ಯಿ ಚಿಂಗ್ ನೋಡಿ ಸ್ವರಗಳನ್ನು ಆರಿಸಿದರು. ಮರುವರ್ಷವೇ ಆ ಮೌನದ ಕೃತಿ. ಇದಕ್ಕೆ ಝೆನ್ ಬೌದ್ಧ ಚಿಂತನೆಯ ಓದೂ ಕಾರಣ, ಬೇರೆ ಕಾರಣಗಳೂ ಇವೆ. ಆದರೂ ನನಗೆ ಎಲ್ಲಕ್ಕಿಂತ ನಂಬುವಂತೆ ಕಾಣುವುದು ಕೈಯಾರೆ ಮಾಡಿದ ಈ ಕೆಲಸ. ವರ್ಷಗಟ್ಟಲೆ ಬೋಲ್ಟ್ ಸಿಕ್ಕಿಸಿದವರಿಗೆ ಸದ್ದಿನ ಸ್ವಭಾವ ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕೋವೆಲ್ ಮಾಡಿದ ಹಾಗೆ ತಂತಿಗಳನ್ನು ಬೆರಳಿನಿಂದಲೇ ಮೀಟಿದರೆ ಅದು ಪ್ರಿಪೇರ್ಡ್ ಪಿಯಾನೋ ಅಲ್ಲ. ಕೇಜ್ ಮಕ್ಕಳ ಆಟಿಕೆ ಪಿಯಾನೋಗೂ ಬರೆದಿದ್ದಾರೆ, ಅದೂ ಬೇರೆ. ಕೇಜ್‌ಗಿಂತ ಮೊದಲೂ ಪಿಯಾನೋದ ದನಿ ಬದಲಿಸುವ ಆಸೆ ಜನರಿಗಿತ್ತು. 19ನೇ ಶತಮಾನದ ಶುರುವಿನ ಕೆಲವು ವಿಯೆನ್ನಾ ಪಿಯಾನೋಗಳಲ್ಲಿ ತಂತಿಗೆ ಕಾಗದ ತಾಗಿಸಿ ಝೇಂಕಾರ ಬರಿಸುವ ಪೆಡಲ್ಲೇ ಇತ್ತು. ಕೇಜ್ ನಂತರ ಎಸ್ಟೋನಿಯಾದ ಸಂಗೀತಗಾರ ಆರ್ವೋ ಪ್ಯಾರ್ಟ್ 1977ರ ‘ಟಾಬುಲಾ ರಾಸಾ’ದಲ್ಲಿ ಪ್ರಿಪೇರ್ಡ್ ಪಿಯಾನೋವನ್ನು ಗಂಟೆಯ ನಾದಕ್ಕಾಗಿ ಬಳಸಿದರು.

ಪಿಯಾನೋ ಹಾಳಾಗುವುದಿಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಜೋಪಾನವಾಗಿ ಮಾಡಿದರೆ ಆಗುವುದಿಲ್ಲ. ತಂತಿಗಳನ್ನು ಮೆಲ್ಲಗೆ ಅಗಲಿಸಿ ವಸ್ತುವನ್ನು ಇಳಿಸಬೇಕು. ಬಲಗಡೆಯ ಪೆಡಲ್ ಒತ್ತಿ ಡ್ಯಾಂಪರ್‌ಗಳನ್ನು ಎತ್ತಿಕೊಂಡರೆ ಅವು ಸೊಟ್ಟಗಾಗುವುದಿಲ್ಲ. ತಾಮ್ರ ಸುತ್ತಿದ ಮಂದ್ರ ತಂತಿಗಳಿಗೆ ಮೆತ್ತಗಿನ ವಸ್ತುಗಳೇ ವಾಸಿ. ಬೋಲ್ಟಿನ ತುದಿ ಕೆಳಗಿನ ಮರದ ಹಲಗೆಗೆ ತಾಗಬಾರದು. ಗೋಡೆಗೆ ಒರಗಿ ನಿಲ್ಲುವ ಅಪ್‌ರೈಟ್ ಪಿಯಾನೋದಲ್ಲಿ ತಂತಿಗಳು ನೆಟ್ಟಗಿರುತ್ತವೆ, ಅಲ್ಲಿ ಈ ಕೆಲಸ ಕಷ್ಟ.

ಕೇಳಲು ಶುರು ಮಾಡುವವರು ಐದನೇ ಸೊನಾಟಾದಿಂದ ಹೊರಡಬಹುದು. ಒಂದೆರಡು ನಿಮಿಷದ್ದು, ಲಯ ಕೂಡಲೇ ಹಿಡಿದುಕೊಳ್ಳುತ್ತದೆ. ಅದನ್ನೇ ಇಬ್ಬರು ಮೂವರು ಬೇರೆ ಬೇರೆ ವಾದಕರು ನುಡಿಸಿದ್ದನ್ನು ಹುಡುಕಿ ಒಂದರ ಹಿಂದೆ ಒಂದು ಕೇಳಿ. ಒಬ್ಬರ ಪಿಯಾನೋದಲ್ಲಿ ಲೋಹದ ನಾದ ಜಾಸ್ತಿ ಇರುತ್ತದೆ, ಇನ್ನೊಬ್ಬರದ್ದರಲ್ಲಿ ಮರದ ಸದ್ದು. ಇಡೀ ಕೃತಿಗೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಇಯರ್‌ಫೋನ್ ಇದ್ದರೆ ಒಳ್ಳೆಯದು, ಇದರ ಸಣ್ಣ ಸದ್ದುಗಳು ಫೋನಿನ ಸ್ಪೀಕರ್‌ನಲ್ಲಿ ಕೇಳಿಸುವುದಿಲ್ಲ.