ಮ್ಯಾಪರ್ ಸೇಫು, ನಿಮ್ಮ ಆಬ್ಜೆಕ್ಟು?

"ಸರ್, ಜ್ಯಾಕ್ಸನ್ ಥ್ರೆಡ್ ಸೇಫ್ ಅಲ್ವಾ?" ಕೋಡ್ ರಿವ್ಯೂಗೆ ಹೋದ ಕಡೆಯೆಲ್ಲ ಈ ಪ್ರಶ್ನೆ ಬರುತ್ತದೆ. ಜ್ಯಾಕ್ಸನ್ ಅಂದರೆ ಜಾವಾ ಪ್ರೋಗ್ರಾಮಿನ ಮೆಮೊರಿಯಲ್ಲಿರುವ ಮಾಹಿತಿಯನ್ನು, ಅಂದರೆ ಆಬ್ಜೆಕ್ಟನ್ನು, ಜೇಸನ್ ಎಂಬ ಪಠ್ಯರೂಪಕ್ಕೆ ಬರೆದುಕೊಡುವ (ಸೀರಿಯಲೈಸ್ ಮಾಡುವ) ಲೈಬ್ರರಿ. ಥ್ರೆಡ್ ಸೇಫ್ ಅಂದರೆ ಏಕಕಾಲಕ್ಕೆ ಓಡುವ ಹಲವು ಕೆಲಸದ ಎಳೆಗಳು, ಅಂದರೆ ಥ್ರೆಡ್‌ಗಳು, ಒಟ್ಟಿಗೆ ಬಳಸಿದರೂ ಕೆಡದ್ದು. ಹೌದಪ್ಪ, ಸೇಫ್. ಜ್ಯಾಕ್ಸನ್‌ನಲ್ಲಿ ಈ ಬರೆಯುವ ಕೆಲಸ ಮಾಡುವ ಆಬ್ಜೆಕ್ಟ್‌ಮ್ಯಾಪರ್‌ನ ಸೆಟ್ಟಿಂಗ್ ಎಲ್ಲ ಮೊದಲೇ ಮುಗಿಸಿ, ಆಮೇಲೆ ಅದರ ತಂಟೆಗೆ ಹೋಗದಿದ್ದರೆ ಎಷ್ಟು ಥ್ರೆಡ್ ಬೇಕಾದರೂ ಒಂದನ್ನೇ ಬಳಸಬಹುದು.

ತೊಂದರೆ ಶುರುವಾಗುವುದು ನಾನು "ಹೌದು" ಅಂದ ಮೇಲೆ. ಆ ಹೌದು ಮ್ಯಾಪರ್‌ಗೆ ಹೇಳಿದ್ದು. ನೀವು ಅದರ ಕೈಗೆ ಕೊಡುವ ಆಬ್ಜೆಕ್ಟಿಗೆ ಅಲ್ಲ.

ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಗುಮಾಸ್ತ ಒಂದು ಪುಟದ ನಕಲು ಬರೆಯುತ್ತಿದ್ದಾನೆ. ಬಲು ಜಾಣ, ಒಂದಕ್ಷರ ತಪ್ಪುವುದಿಲ್ಲ. ಅವನು ಅರ್ಧ ಪುಟ ದಾಟುವಷ್ಟರಲ್ಲಿ ಸಾಹುಕಾರರು ಅದೇ ಪುಟದ ಮೇಲ್ಗಡೆ ಎರಡು ಕೆಜಿ ಸಕ್ಕರೆ ಸೇರಿಸಿ, ಕೆಳಗಿನ ಮೊತ್ತ ತಿದ್ದಿಬಿಟ್ಟರು. ನಕಲಿನ ಪಟ್ಟಿಯಲ್ಲಿ ಸಕ್ಕರೆ ಇಲ್ಲ, ಮೊತ್ತದಲ್ಲಿ ಸಕ್ಕರೆಯ ದುಡ್ಡಿದೆ. ಪುಸ್ತಕ ಸರಿಯಿದೆ, ಗುಮಾಸ್ತನದೂ ತಪ್ಪಿಲ್ಲ. ಆದರೆ ಆ ನಕಲಿನಲ್ಲಿರುವ ಲೆಕ್ಕ ಪುಸ್ತಕದಲ್ಲಿ ಯಾವತ್ತೂ ಇರಲೇ ಇಲ್ಲ.

ಕೆಲವು ವರ್ಷದ ಹಿಂದೆ ಇದನ್ನೇ ಕಣ್ಣಾರೆ ನೋಡಿದೆ. ಆರ್ಡರ್ ತೆಗೆದುಕೊಳ್ಳುವ ಒಂದು ಸರ್ವಿಸ್. ಮೆಮೊರಿಯಲ್ಲಿ ಒಂದು ಕಾರ್ಟ್, ಒಳಗೆ ಐಟಂಗಳನ್ನು ಇಡುವ ಒಂದು ಹ್ಯಾಶ್‌ಮ್ಯಾಪ್, ಪಕ್ಕದಲ್ಲಿ ಮೊತ್ತ. ಹಿನ್ನೆಲೆಯಲ್ಲಿ ಇನ್ನೊಂದು ಥ್ರೆಡ್ ಆಫರ್ ಐಟಂ ಸೇರಿಸುತ್ತ, ಬೆಲೆ ತಿದ್ದುತ್ತ ಕೂತಿರುತ್ತದೆ. ಆಗಾಗ ಲಾಗಿನಲ್ಲಿ ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್, ಅಂದರೆ ಓದುತ್ತಿರುವಾಗಲೇ ಯಾರೋ ತಿದ್ದಿದರು ಎಂಬ ದೂರು. ಅಲ್ಲಿದ್ದ ಹುಡುಗ, ಒಳ್ಳೆ ಹುಡುಗ, ನನಗೂ ಇಷ್ಟ, ಎಕ್ಸೆಪ್ಶನ್ ಬಂದರೆ ಮತ್ತೆ ಪ್ರಯತ್ನಿಸಲಿ ಅಂತ ಮೂರು ಸಲ ರಿಟ್ರೈ ಹಾಕಿ "ಈಗ ಬರಲ್ಲ ಸರ್" ಅಂದ. ಎಕ್ಸೆಪ್ಶನ್ ಬಾರದೆ ಹಾಗೇ ಹೊರಗೆ ಹೋದ ತಪ್ಪು ಜೇಸನ್‌ಗಳ ಕಥೆ ಏನು ಅಂತ ಕೇಳಿದೆ. ಸುಮ್ಮನಾದ. ಈ ಎಕ್ಸೆಪ್ಶನ್ ಬಂದೇ ಬರುತ್ತದೆಂಬ ಗ್ಯಾರಂಟಿ ಇಲ್ಲ ಅಂತ ಜಾವಾ ಡಾಕ್ಯುಮೆಂಟ್‌ನಲ್ಲೇ ಬರೆದಿದೆ. ಬಂದರೆ ನಿಮ್ಮ ಪುಣ್ಯ. ಹುಡುಕಿದಾಗ ಐಟಂ ಕೂಡಿದರೆ ಒಂದು, ಮೊತ್ತ ಇನ್ನೊಂದು ಇರುವ ಬಿಲ್ಲುಗಳು ಸಿಕ್ಕವು.

ಇದರ ಜೊತೆಗೆ ಇನ್ನೊಂದು. ಜಾವಾ ಸರ್ವಿಸ್ ಓಡಿಸುವ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ ಉತ್ತರದ ಬಫರ್, ಅಂದರೆ ಕಳಿಸುವ ಮುನ್ನ ಉತ್ತರ ತುಂಬಿಡುವ ಜಾಗ, ಮಾಮೂಲಿಗೆ 8 ಕೆಬಿ. ಅದು ತುಂಬಿದ ಕೂಡಲೇ 200 ಎಂಬ ಸ್ಟೇಟಸ್ ಗ್ರಾಹಕರ ಕಡೆ ಹೊರಟುಹೋಗುತ್ತದೆ. ಆಮೇಲೆ ಎಕ್ಸೆಪ್ಶನ್ ಬಂದರೆ "ಎಲ್ಲ ಸರಿ" ಅನ್ನುವ ಸ್ಟೇಟಸ್ಸಿನ ಹಿಂದೆ ಅರ್ಧ ಜೇಸನ್.

"ನಮ್ಮ ಟೆಸ್ಟಿಂಗಲ್ಲಿ ಬರಲಿಲ್ಲ" ಅನ್ನುತ್ತಾರೆ. ಹೇಗೆ ಬರುತ್ತೆ ಮಾರಾಯ್ರೆ? ಟೆಸ್ಟ್ ಮಾಡಿದವರು ಒಬ್ಬರೇ, ಅದೂ ಒಂದೊಂದೇ ಕ್ಲಿಕ್ ಮಾಡಿಕೊಂಡು. ಅದೇ ಟಾಮ್‌ಕ್ಯಾಟ್ ಮಾಮೂಲಿ ಸೆಟ್ಟಿಂಗಲ್ಲೇ 200 ಥ್ರೆಡ್ ತನಕ ಓಡಿಸುತ್ತದೆ.

ಆಮೇಲೆ ಎಲ್ಲರೂ ಮಾಡುವ ಕೆಲಸ, ಹ್ಯಾಶ್‌ಮ್ಯಾಪ್ ತೆಗೆದು, ಹಲವು ಥ್ರೆಡ್ ಒಟ್ಟಿಗೆ ಬಳಸಬಹುದಾದ ಕನ್‌ಕರೆಂಟ್ ಹ್ಯಾಶ್‌ಮ್ಯಾಪ್ ಹಾಕುವುದು. ಎಕ್ಸೆಪ್ಶನ್ ನಿಲ್ಲುತ್ತದೆ, ನಿಜ. ಕಲಬೆರಕೆ ನಿಲ್ಲುವುದಿಲ್ಲ, ಯಾಕೆಂದರೆ ಅದನ್ನು ಓದುತ್ತಿರುವಾಗ ಬೇರೆಯವರು ಸೇರಿಸಿದ್ದು ಕಾಣಲೂಬಹುದು, ಕಾಣದೆಯೂ ಇರಬಹುದು, ಪಕ್ಕದ ಮೊತ್ತಕ್ಕಂತೂ ಅದರ ಸುದ್ದಿಯೇ ಗೊತ್ತಿಲ್ಲ. ಮೊದಲು ನಾಯಿ ಬೊಗಳಿಯಾದರೂ ಹೇಳುತ್ತಿತ್ತು, ಈಗ ಅದರ ಬಾಯಿ ಕಟ್ಟಿದ್ದೀರಿ.

ನನ್ನ ಸಲಹೆ ಬೇಜಾರು ಬರುವಷ್ಟು ಸಾದಾ. ತಿದ್ದುವ ಥ್ರೆಡ್ ಯಾವ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ಡಿಗೆ ಸಿಗುವ ಬೀಗ) ಹಿಡಿಯುತ್ತದೋ ಅದೇ ಲಾಕ್ ಹಿಡಿದು, ಬೇಕಾದ್ದನ್ನು ಬೇರೆ ಆಬ್ಜೆಕ್ಟಿಗೆ ನಕಲು ಮಾಡಿ, ಲಾಕ್ ಬಿಟ್ಟು, ಆಮೇಲೆ ಆ ನಕಲನ್ನು ಸೀರಿಯಲೈಸ್ ಮಾಡಿ. ಜಾವಾ 16 ಅಥವಾ ಅದರ ಮೇಲಿನದಿದ್ದರೆ, ಒಮ್ಮೆ ಮಾಡಿದ ಮೇಲೆ ತನ್ನ ಫೀಲ್ಡ್ ಬದಲಿಸಲು ಬಿಡದ ರೆಕಾರ್ಡ್ ಇದಕ್ಕೆ ಹೇಳಿ ಮಾಡಿಸಿದ್ದು. ಲಾಕ್ ಹಿಡಿದುಕೊಂಡೇ ನೆಟ್‌ವರ್ಕಿಗೆ ಬರೆಯಬೇಡಿ. ಯಾರದೋ ಮೊಬೈಲ್ ಸಿಗ್ನಲ್ ಕುಂಟುತ್ತಿದ್ದರೆ ಉಳಿದವರೆಲ್ಲ ಅವರ ಹಿಂದೆ ಕ್ಯೂ ನಿಲ್ಲಬೇಕಾಗುತ್ತದೆ.

ನಿಮ್ಮ ಕೋಡ್ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ. ಪ್ರತಿ ರಿಕ್ವೆಸ್ಟಿಗೂ ಹೊಸ ಆಬ್ಜೆಕ್ಟ್ ಮಾಡಿಕೊಂಡು, ಅದನ್ನು ಬೇರೆ ಯಾವ ಥ್ರೆಡ್ಡಿಗೂ ಕೊಡದಿದ್ದರೆ ಇದ್ಯಾವ ತಲೆನೋವೂ ಬೇಡ. ಆದರೆ "ಕೊಡಲ್ಲ ಸರ್" ಅಂದವರ ಕೋಡಿನಲ್ಲೇ, ಹಿನ್ನೆಲೆಯಲ್ಲಿ ಓಡುವ ಆಡಿಟ್ ಲಾಗಿಗೆ ಅದೇ ಆಬ್ಜೆಕ್ಟ್ ಹೋಗುತ್ತಿದ್ದದ್ದನ್ನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಆ ಹುಡುಗ ಒಂದು ವಾರ ಬಿಟ್ಟು ಫೋನ್ ಮಾಡಿದ. ಲಾಕ್ ಹಾಕಿದೆ, ನಕಲೂ ಮಾಡಿದೆ, ಐಟಂ ಎಣಿಕೆ ಸರಿಯಾಗಿದೆ, ಆದರೂ ಒಮ್ಮೊಮ್ಮೆ ಬೆಲೆ ಹೊಂದುತ್ತಿಲ್ಲ ಅಂದ. ನಕಲು ಮಾಡಿದ್ದು ಪಟ್ಟಿಯನ್ನೋ, ಒಳಗಿನ ಐಟಂಗಳನ್ನೂ ಸೇರಿಸಿಯೋ ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು ಮಾತ್ರ ಕೇಳಿಸಿತು. ಆಮೇಲೆ "ಇಡ್ತೀನಿ ಸರ್" ಅಂದ.