ಸುಳಿವು ಕೊಡದೆ ಇಳಿಯುವ ಸಕ್ಕರೆ: ಹಳೆಯ ಟೈಪ್ 1 ಮಧುಮೇಹದ ಟಿಪ್ಪಣಿ

ಸಕ್ಕರೆ ಇಳಿಸುವ ಇನ್ಸುಲಿನ್ ದೇಹದಲ್ಲಿ ತಯಾರಾಗದ ಕಾಯಿಲೆ ಟೈಪ್ 1 ಮಧುಮೇಹ. ಅದರ ಪಾಠ ಓದುವಾಗ ನಮ್ಮ ಗಮನವೆಲ್ಲ ಏರುವ ಸಕ್ಕರೆಯ ಮೇಲಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ಇನ್ಸುಲಿನ್ ಚುಚ್ಚಿಕೊಂಡವರ ವಿಷಯದಲ್ಲಿ ನಾನು ಹೆಚ್ಚು ಹೆದರುವುದು ಇಳಿಯುವ ಸಕ್ಕರೆಗೆ. ಅದು ಇಳಿದದ್ದು ಅವರಲ್ಲಿ ಅನೇಕರಿಗೆ ಗೊತ್ತೇ ಆಗುವುದಿಲ್ಲ.

ಆರೋಗ್ಯವಂತರಲ್ಲಿ ರಕ್ತದ ಗ್ಲೂಕೋಸ್ ಇಳಿಯತೊಡಗಿದರೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ತಗ್ಗಿಸುತ್ತದೆ. ಅದೇ ಗ್ರಂಥಿಯಿಂದ ಗ್ಲುಕಗಾನ್ ಎಂಬ ಹಾರ್ಮೋನು ಹೊರಬಂದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಬಿಡಿಸುತ್ತದೆ. ಅದೂ ಸಾಲದಿದ್ದರೆ ಅಡ್ರಿನಲಿನ್ ನೆರವಿಗೆ ಬರುತ್ತದೆ. ಕೈ ನಡುಕ, ಬೆವರು, ಎದೆಬಡಿತದಂಥ ಸುಳಿವು ಕಾಣುವುದು ಆಗ. ಟೈಪ್ 1ರಲ್ಲಿ ಚುಚ್ಚಿದ ಇನ್ಸುಲಿನ್ ಅನ್ನು ವಾಪಸು ಪಡೆಯಲಾಗದು. ರೋಗ ಶುರುವಾದ ಕೆಲವೇ ವರ್ಷಗಳಲ್ಲಿ ಗ್ಲುಕಗಾನ್ ನೆರವೂ ಕುಂದುತ್ತದೆ. ಉಳಿದ ಅಡ್ರಿನಲಿನ್ ಕೂಡ, ಸಕ್ಕರೆ ಪದೇ ಪದೇ ಇಳಿಯುತ್ತಿದ್ದರೆ, ಮೊಂಡಾಗುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಮನೆಯಲ್ಲಿ. 27 ವರ್ಷಗಳಿಂದ ಈ ಕಾಯಿಲೆ ಇರುವ ಸೋದರತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎಲೆಯನ್ನೆಲ್ಲ ಕಸದ ಕಾಗದದ ಮೇಲೆ ಹಾಕಿ, ದಂಟನ್ನು ಪಾತ್ರೆಗೆ ಹಾಕುತ್ತಿದ್ದರು. ಬೆವರಿಲ್ಲ, ನಡುಕವಿಲ್ಲ. "ಅತ್ತೆ, ಊಟ ಮಾಡಿದಿರಾ?" ಎಂದು ಕೇಳಿದರೆ, "ನನಗೇನಾಗಿದೆ, ಸುಮ್ಮನಿರು" ಎಂದು ರೇಗಿದರು. ಮೀಟರಿನಲ್ಲಿ 46. ನುಂಗುವ ಸ್ಥಿತಿಯಲ್ಲಿದ್ದುದರಿಂದ ಸಕ್ಕರೆ ನೀರು ಕುಡಿಸಿದೆ. ಹದಿನೈದು ನಿಮಿಷಕ್ಕೆ 78. ಆಮೇಲೆ ಪಾತ್ರೆ ನೋಡಿ, "ಇದನ್ನು ಯಾರು ಹೀಗೆ ಮಾಡಿದರು?" ಎಂದು ಕೇಳಿದರು.

ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿ.ಗ್ರಾಂಗಿಂತ ಕೆಳಗಿಳಿದರೆ ತಕ್ಷಣ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, 15 ನಿಮಿಷದ ನಂತರ ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. 54ರ ಕೆಳಗೆ ಗಂಭೀರ. ಲಾಡು, ಚಾಕೊಲೇಟ್ ಬೇಡ. ಅವುಗಳ ಜಿಡ್ಡು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ, ಗ್ಲುಕಗಾನ್ ಔಷಧಿ ಇದ್ದರೆ ಕೊಟ್ಟು, 108ಕ್ಕೆ ಕರೆ ಮಾಡಬೇಕು.

1993ರಲ್ಲಿ ಪ್ರಕಟವಾದ, ಟೈಪ್ 1 ರೋಗಿಗಳ ಮೇಲೆ ನಡೆದ ಡಿಸಿಸಿಟಿ ಅಧ್ಯಯನ ಸಕ್ಕರೆಯ ಬಿಗಿ ನಿಯಂತ್ರಣದಿಂದ ಕಣ್ಣು, ಮೂತ್ರಪಿಂಡ, ನರಗಳ ಹಾನಿ ತಗ್ಗುತ್ತದೆಂದು ತೋರಿಸಿತು. ಅದೇ ಅಧ್ಯಯನದಲ್ಲಿ, ಬಿಗಿ ನಿಯಂತ್ರಣದ ಗುಂಪಿನಲ್ಲಿ ಸಕ್ಕರೆ ತೀವ್ರವಾಗಿ ಕುಸಿದ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಪರೀಕ್ಷೆಗೆ ಓದುವವರು ಮೊದಲರ್ಧವನ್ನಷ್ಟೇ ನೆನಪಿಡುತ್ತಾರೆ. ಎರಡನೆಯದೂ ಅಷ್ಟೇ ಮುಖ್ಯ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇ 7ರ ಗುರಿ ಎಲ್ಲರಿಗೂ ಒಂದೇ ಅಲ್ಲ. ಸುಳಿವು ಕಳೆದುಕೊಂಡವರಿಗೆ ವೈದ್ಯರು ಗುರಿಯನ್ನು ಸ್ವಲ್ಪ ಸಡಿಲಿಸುತ್ತಾರೆ. ಕೆಲವು ವಾರ ಸಕ್ಕರೆ ಇಳಿಯದಂತೆ ಕಾಯ್ದುಕೊಂಡರೆ ಕಳೆದುಹೋದ ಸುಳಿವು ಎಷ್ಟೋ ಜನರಲ್ಲಿ ಮರಳುತ್ತದೆ. ಈ ಪಾಠದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಂಗತಿ ಇದು.

ಸಕ್ಕರೆ ಕುಸಿಯಲು ತಪ್ಪು ಸಿರಿಂಜೂ ಕಾರಣವಾಗಬಹುದು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಬಹುಮಟ್ಟಿಗೆ ಯು-40 (ಮಿ.ಲೀ.ಗೆ 40 ಯೂನಿಟ್), ಪೆನ್ನಿನದು ಯು-100 (ಮಿ.ಲೀ.ಗೆ 100 ಯೂನಿಟ್). ಯು-100 ಇನ್ಸುಲಿನ್ ಅನ್ನು ಯು-40 ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 25 ಯೂನಿಟ್.

ಹಾಗೆಂದು ಭಯಕ್ಕೆ ಇನ್ಸುಲಿನ್ ನಿಲ್ಲಿಸುವುದು ಇನ್ನೂ ಅಪಾಯ. ಜ್ವರ, ವಾಂತಿ ಬಂದು ಊಟ ಸೇರದ ದಿನವೂ ದೀರ್ಘಾವಧಿಯ ಇನ್ಸುಲಿನ್ ತಪ್ಪಿಸುವಂತಿಲ್ಲ. ಪ್ರಮಾಣವನ್ನು ವೈದ್ಯರನ್ನು ಕೇಳಿ ಹೊಂದಿಸಿಕೊಳ್ಳಬೇಕು, ಕೀಟೋನ್ (ಇನ್ಸುಲಿನ್ ಸಾಲದಾಗ ಕೊಬ್ಬು ಕರಗಿ ರಕ್ತ ಸೇರುವ ಆಮ್ಲ) ಪರೀಕ್ಷಿಸಬೇಕು. ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.